ಕೈಬರಹಕ್ಕೆ ಕಟ್ಟುವ ಬೆಲೆ

ಮಂಗಳೂರಿನ ಸುತ್ತಮುತ್ತ ಸಿಗುವ ಹಳೆಯ ಕೈಬರಹಗಳಲ್ಲಿ ಹಲವು ಬಗೆ. ಶ್ರೀತಾಳೆಯ ಗರಿಯ ಮೇಲೆ ಕಂಟದಿಂದ ಕೊರೆದ ತುಳು ಲಿಪಿಯ ಗ್ರಂಥಗಳಿವೆ. ಹಳೆಯ ಭೂಮಾಲೀಕರ ಗುತ್ತಿನ ಮನೆಗಳ ಪೆಟ್ಟಿಗೆಯಲ್ಲಿ ಉಳಿದ ಗೇಣಿಚೀಟಿಗಳಿವೆ, ಬಾಸೆಲ್ ಮಿಷನ್ನಿನ ಪಾದ್ರಿಗಳ ಜರ್ಮನ್ ಪತ್ರಗಳಿವೆ, ಸಾಹಿತಿಗಳ ಪೋಸ್ಟ್ ಕಾರ್ಡುಗಳಿವೆ. ಸಂಗ್ರಹಕಾರರು ಮೊದಲು ಕೇಳುವುದು ಬರೆದ ಕೈ ಯಾರದು ಎಂದು. ಗ್ರಂಥಕರ್ತ ತಾನೇ ಬರೆದದ್ದಾದರೆ ಅದು ಸ್ವಹಸ್ತ ಪ್ರತಿ. ಹೇಳಿ ಬರೆಯಿಸಿ ಕೆಳಗೆ ರುಜು ಹಾಕಿದ್ದಾದರೆ ಅದರ ಬೆಲೆ ಒಂದು ಮೆಟ್ಟಿಲು ಕೆಳಗೆ. ಓಲೆಗರಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವು ಬಹುಪಾಲು ಲಿಪಿಕಾರರು ಮಾಡಿಕೊಂಡ ನಕಲುಗಳು. ಯಾವ ಪಾಠವನ್ನು ಉಳಿಸಿವೆ, ಕೊನೆಯ ಗರಿಯಲ್ಲಿ ಲಿಪಿಕಾರನ ಹೆಸರು, ಊರು, ಸಂವತ್ಸರ ಇದೆಯೇ ಎಂಬುದರ ಮೇಲೆ ಅವುಗಳ ತೂಕ ನಿಂತಿದೆ.

ಕೈಬರಹದ ಕೊಡುಕೊಳ್ಳುವಿಕೆ ಕನ್ನಡಿಗರಿಗೆ ಹೊಸದಲ್ಲ. ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ, ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದವರ ನೆರವಿನಿಂದ ಊರೂರಿನ ಚರಿತ್ರೆ ಹೇಳುವ ಕೈಫಿಯತ್ತು, ಶಾಸನದ ಪ್ರತಿ, ಓಲೆಗರಿಗಳನ್ನು ಕಲೆಹಾಕಿದ. 1821ರಲ್ಲಿ ಅವನು ತೀರಿಕೊಂಡ ಮೇಲೆ ಈಸ್ಟ್ ಇಂಡಿಯಾ ಕಂಪನಿ ಅವನ ಹೆಂಡತಿಗೆ ಒಂದು ಲಕ್ಷ ರೂಪಾಯಿ ಕೊಟ್ಟು ಇಡೀ ಸಂಗ್ರಹವನ್ನು ಕೊಂಡಿತು. ಮುಂದೆ ಅದು ಚೆನ್ನೈಗಿಷ್ಟು, ಲಂಡನ್ನಿಗಿಷ್ಟು ಎಂದು ಹಂಚಿಹೋಯಿತು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಪ್ರಕಟಿಸಿದ ಮೇಲೆಯೇ ಅವು ಸಾಮಾನ್ಯ ಓದುಗರ ಕೈಗೆ ಬಂದದ್ದು. ಒಂದೇ ಗಂಟಾಗಿದ್ದದ್ದು ಹರಿದು ಹಂಚಿಹೋದರೆ ಅದನ್ನು ಮತ್ತೆ ಜೋಡಿಸುವುದಕ್ಕೆ ತಲೆಮಾರುಗಳೇ ಬೇಕಾಗುತ್ತವೆ.

ಮಂಗಳೂರಿನ ಸಂಗ್ರಹಗಳ ಮುಖ್ಯ ಬೇರು ಬಾಸೆಲ್ ಮಿಷನ್ನಿನಲ್ಲಿದೆ. ಮಿಷನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಇಲ್ಲಿಗೆ ಬಂದರು, 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದ. ಪ್ರತಿ ಠಾಣೆಯ ಪಾದ್ರಿಯೂ ತನ್ನ ಕೆಲಸದ ವರದಿಯನ್ನು ಸ್ವಿಟ್ಜರ್ಲೆಂಡಿಗೆ ಬರೆದು ಕಳಿಸಬೇಕಿತ್ತು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಮಂಗಳೂರಿನ ಬೀದಿ, ಶಾಲೆ, ನೇಯ್ಗೆ, ಹೆಂಚಿನ ಕಾರ್ಖಾನೆಗಳ ವಿವರ ಈಗ ಬಾಸೆಲ್ ನಗರದ ಪತ್ರಾಗಾರದಲ್ಲಿದೆ. ಆ ವರದಿಗಳು ಹಳೆಯ ಜರ್ಮನ್ ಕೂಡುಬರಹದಲ್ಲಿರುವುದರಿಂದ ಇಂದಿನ ಜರ್ಮನ್ ಬಲ್ಲವರೂ ತರಬೇತಿಯಿಲ್ಲದೆ ಓದಲಾರರು. ಮೋಗ್ಲಿಂಗ್ ಕನ್ನಡದ ಓಲೆಗರಿಗಳನ್ನೂ ಅಕ್ಕರೆಯಿಂದ ಕೂಡಿಸಿದ. ನಿವೃತ್ತ ನ್ಯಾಯಾಧೀಶ ಕಸಮೇಜರ್ ಕೊಟ್ಟ ಹಣದಿಂದ 1848ರಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕಾವ್ಯಗಳನ್ನು ಅಚ್ಚುಹಾಕಿಸಿದ. ಅವನ ಓಲೆಗರಿಗಳಲ್ಲಿ ಕೆಲವು ಇಂದಿಗೂ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿವೆ. ಊರಲ್ಲೇ ಉಳಿದ ಮಿಷನ್ ಕಾಲದ ಪುಸ್ತಕ, ದಾಖಲೆಗಳಿಗೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಮನೆಯಾಗಿದೆ. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಬ್ರಿಟಿಷ್ ಕಾಲದ ಕಲೆಕ್ಟರರ ಕಡತಗಳನ್ನು ಹುಡುಕುವವರು ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು.

ಸಂಸ್ಥೆಗಳ ಹೊರಗಿರುವ ಕಾಗದಗಳ ಕಥೆ ಬೇರೆ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರೇ ಭೂಮಿಯ ಒಡೆಯರಾದರು. ಅಲ್ಲಿಯವರೆಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಕಾಯಂ ಹಕ್ಕಿನ ಮೂಲಗೇಣಿ, ತಾತ್ಕಾಲಿಕ ಚಾಲಗೇಣಿ ಚೀಟಿಗಳಿಗೆ ಮನೆಯವರ ಪಾಲಿಗೆ ಇದ್ದ ಬೆಲೆ ಹೋಯಿತು. ಬೀಡು, ಗುತ್ತುಗಳನ್ನು ಪಾಲು ಮಾಡಿಕೊಂಡು ಹೊಸ ಮನೆ ಕಟ್ಟುವಾಗ ಇಂಥ ಕಟ್ಟುಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಸೇರುತ್ತವೆ. ಅಲ್ಲಿಂದ ಹಳೆ ವಸ್ತುಗಳ ವ್ಯಾಪಾರಿಗೆ, ಅವನಿಂದ ಅಂಚೆಚೀಟಿ ಮತ್ತು ನಾಣ್ಯದ ಹವ್ಯಾಸಿಗಳಿಗೆ. ಅಂಚೆಚೀಟಿ ಬೇಕಾದವರು ಲಕೋಟೆ ಇಟ್ಟುಕೊಂಡು ಒಳಗಿನ ಕಾಗದವನ್ನು ಬಿಸಾಡುತ್ತಾರೆ. ಛಾಪಾ ಕಾಗದ ಬೇಕಾದವರು ಮುದ್ರೆಯಷ್ಟನ್ನೇ ಕತ್ತರಿಸಿಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ. ಒಂದು ಊರಿನ ಯಾವ ಗದ್ದೆಗೆ ಎಷ್ಟು ಮುಡಿ ಅಕ್ಕಿ ಗೇಣಿ, ಯಾರಿಗೆ ಯಾವ ಕಟ್ಟುಪಾಡು ಎಂಬುದು ಬೇರೆಲ್ಲೂ ಬರೆದಿಟ್ಟಿರುವುದಿಲ್ಲ.

ಬೆಲೆ ಗೊತ್ತಾಗುವುದು ಹೆಸರು, ವಿಷಯ, ತಾರೀಕು, ಸ್ಥಿತಿ ಮತ್ತು ಬಂದ ದಾರಿ ಇವುಗಳಿಂದ. ಇವುಗಳಲ್ಲಿ ವಿಷಯವೇ ಮುಖ್ಯ. ಶಿವರಾಮ ಕಾರಂತರು ಬಂದ ಪತ್ರಗಳಿಗೆ ತಪ್ಪದೆ ಉತ್ತರ ಬರೆಯುತ್ತಿದ್ದವರು. ಅವರ ಕಾರ್ಡುಗಳು ಎಷ್ಟೋ ಮನೆಗಳಲ್ಲಿವೆ. ‘ಬರುತ್ತೇನೆ’ ಎಂದಷ್ಟೇ ಬರೆದ ಎರಡು ಸಾಲಿಗಿಂತ ಒಂದು ಕಾದಂಬರಿಯ ಬಗ್ಗೆಯೋ ಯಕ್ಷಗಾನದ ಪ್ರಯೋಗದ ಬಗ್ಗೆಯೋ ವಾದ ಮಾಡಿದ ಕಾರ್ಡು ಬೆಲೆಯುಳ್ಳದ್ದು. ಯಾರಿಗೆ ಬರೆದದ್ದು, ಅವರ ಮನೆಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಪುರಾವೆಯಿದ್ದರೆ ಬೆಲೆ ಇನ್ನೂ ಏರುತ್ತದೆ.

ಅಸಲಿ ಯಾವುದು ಎಂಬ ಪರೀಕ್ಷೆಯಲ್ಲಿ ಮಂಗಳೂರಿಗೇ ವಿಶೇಷವಾದ ಒಂದು ತೊಡಕಿದೆ. ಮಿಷನ್ನಿನ ಮುದ್ರಣಾಲಯ ಮೊದಲು ಶುರುಮಾಡಿದ್ದು ಕಲ್ಲಚ್ಚಿನಿಂದ. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಕಲ್ಲಚ್ಚಿನದೇ. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದದ್ದನ್ನು ಕಲ್ಲಿಗೆ ಇಳಿಸಿ ಅಚ್ಚೊತ್ತುವುದರಿಂದ ಅಕ್ಷರಗಳು ನೋಡುವುದಕ್ಕೆ ಥೇಟು ಕೈಬರಹ. ಬಿಡಿ ಹಾಳೆ ಸಿಕ್ಕಿದರೆ ಹಸ್ತಪ್ರತಿ ಎಂದು ಮೋಸಹೋಗುವುದು ಸುಲಭ. ಭೂತಗನ್ನಡಿ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಲೇಖನಿಯ ಗೆರೆಯಲ್ಲಿ ಕೈ ನಿಂತ ಕಡೆ ಶಾಯಿ ಮಡುಗಟ್ಟಿ ದಟ್ಟವಾಗಿರುತ್ತದೆ, ಶಾಯಿ ತೀರುತ್ತ ಬಂದ ಕಡೆ ತೆಳುವಾಗುತ್ತದೆ. ಕಬ್ಬಿಣದ ಅಂಶವಿರುವ ಹಳೆಯ ಶಾಯಿ ಕಾಲಕ್ರಮದಲ್ಲಿ ಕಂದಾಗಿ ಹಾಳೆಯ ಹಿಂಬದಿಗೂ ಇಳಿದಿರುತ್ತದೆ. ಕಲ್ಲಚ್ಚಿನಲ್ಲಿ ಉದ್ದಕ್ಕೂ ಒಂದೇ ಕಪ್ಪು. ಇನ್ನು ಕಾಗದವನ್ನು ಬೆಳಕಿಗೆ ಹಿಡಿದರೆ ಕಾಣುವ ನೀರ್ಗುರುತು, ಅಂಚೆ ಮೊಹರಿನ ತಾರೀಕು, ಬರಹದೊಳಗಿನ ತಾರೀಕು ಒಂದಕ್ಕೊಂದು ತಾಳೆಯಾಗಬೇಕು. ಭಾರತದಲ್ಲಿ ಪೋಸ್ಟ್ ಕಾರ್ಡು ಬಂದದ್ದೇ 1879ರಲ್ಲಿ. ಅದಕ್ಕೂ ಹಿಂದಿನ ತಾರೀಕಿನ ಕಾರ್ಡು ಯಾರಾದರೂ ತೋರಿಸಿದರೆ ಮಾತು ಅಲ್ಲಿಗೇ ಮುಗಿಯಿತು.

ಮಾರಾಟಕ್ಕೆ ಕಾನೂನಿನ ಚೌಕಟ್ಟಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯಿದೆ 1976ರ ಏಪ್ರಿಲ್ 5ರಂದು ಜಾರಿಗೆ ಬಂತು. ಬೇರೆ ವಸ್ತುಗಳು ಪ್ರಾಚ್ಯವಸ್ತು ಎನಿಸಲು ನೂರು ವರ್ಷ ತುಂಬಿರಬೇಕು. ಚಾರಿತ್ರಿಕ, ಸಾಹಿತ್ಯಿಕ, ವೈಜ್ಞಾನಿಕ ಮೌಲ್ಯವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳಿಗೆ 75 ವರ್ಷ ಸಾಕು. ಇಂಥವನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪಲ್ಲ. ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಸರ್ಕಾರಿ ಕಚೇರಿಯಿಂದ ಹೊರಬಿದ್ದ ಕಡತ ಗುಜರಿಯಲ್ಲಿ ಸಿಕ್ಕರೂ ಅದು ಸಾರ್ವಜನಿಕ ದಾಖಲೆ, ಕೊಂಡವರ ಆಸ್ತಿಯಾಗದು. ಆಗಲೇ ಹೊರದೇಶದಲ್ಲಿರುವುದನ್ನು ತರಿಸಿಕೊಳ್ಳುವುದಕ್ಕೆ ಹಣವೇ ದಾರಿ. ಗಾಂಧೀಜಿಯ ಕೊನೆಯ ದಿನಗಳ ಒಂದು ಹಸ್ತಪ್ರತಿಯನ್ನು 2007ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ಹರಾಜಿನಿಂದ ಹಿಂದಕ್ಕೆ ತೆಗೆದಾಗಲೂ, 2012ರಲ್ಲಿ ಗಾಂಧೀಜಿ ಮತ್ತು ಅವರ ಗೆಳೆಯ ಕಾಲೆನ್‌ಬಾಕ್ ಪತ್ರಸಂಗ್ರಹ ಸೋದಬೀಸ್‌ನಲ್ಲಿ ಹರಾಜಿಗೆ ಬರಲಿದ್ದಾಗಲೂ ಭಾರತ ಸರ್ಕಾರವೇ ಕೊಂಡಿತು. ಇನ್ನೊಂದು ಅಂಶವನ್ನು ಕೊಳ್ಳುವವರು ಮರೆಯುತ್ತಾರೆ. ಪತ್ರ ಕೊಂಡವರಿಗೆ ಸಿಗುವುದು ಆ ಕಾಗದ ಮಾತ್ರ. ಒಳಗಿನ ಬರಹವನ್ನು ಅಚ್ಚುಹಾಕುವ ಹಕ್ಕು, ಕೃತಿಸ್ವಾಮ್ಯದ ಅವಧಿ ಇರುವವರೆಗೆ, ಬರೆದವರದು ಅಥವಾ ಅವರ ವಾರಸುದಾರರದು.

ಕರಾವಳಿಯ ಮಳೆಗಾಲ ಕಾಗದಕ್ಕೆ ಕಡುಶತ್ರು. ತೇವಕ್ಕೆ ಬೂಷ್ಟು, ಅದರ ಹಿಂದೆ ಬೆಳ್ಳಿಮೀನು ಹುಳ, ಗೆದ್ದಲು. ಹರಿದ ಪತ್ರಕ್ಕೆ ಸೆಲೋಟೇಪು ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಸರಿಪಡಿಸಲಾಗದ ಹಾನಿ. ಮಡಿಕೆ ಬಿಡಿಸಿ, ಆಮ್ಲರಹಿತ ಕಾಗದದ ನಡುವೆ ಇಟ್ಟು, ನೆಲ ಮತ್ತು ಗೋಡೆಗೆ ತಾಗದಂತೆ ಎತ್ತರದಲ್ಲಿಡಬೇಕು. ಓಲೆಗರಿಯನ್ನು ಮೆತ್ತನೆಯ ಕುಂಚದಿಂದ ಒರೆಸಿ, ನಿಂಬೆಹುಲ್ಲಿನ ಎಣ್ಣೆ ತೆಳುವಾಗಿ ಸವರಿದರೆ ಗರಿ ಮತ್ತೆ ಬಾಗುತ್ತದೆ. ಮಾಸಿದ ಅಕ್ಷರಕ್ಕೆ ದೀಪದ ಕಾಡಿಗೆ ತಿಕ್ಕುವುದು ಹಿಂದಿನವರ ಕ್ರಮ. ಅದನ್ನು ಬಲ್ಲವರ ಕೈಯಿಂದಲೇ ಮಾಡಿಸಬೇಕು.

ಮಾರುವುದಕ್ಕಿಂತ ಕೊಡುವುದು ಲೇಸು ಎನಿಸಿದ ಮನೆಯವರಿಗೆ ಜಾಗಗಳಿವೆ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರವಿದೆ, ಧರ್ಮಸ್ಥಳದಲ್ಲಿ ಓಲೆಗರಿಗಳ ಸಂಗ್ರಹವಿದೆ. ಕೊಡುವ ಮೊದಲು ಪ್ರತಿ ಹಾಳೆಯ ಎರಡೂ ಬದಿಯ ಫೋಟೊ ತೆಗೆದು, ಕಟ್ಟಿನ ಮೂಲ ಕ್ರಮ ಕೆಡದಂತೆ ಪಟ್ಟಿ ಮಾಡಿ, ಲಕೋಟೆಗಳನ್ನೂ ಜೊತೆಗಿಡಬೇಕು. ಯಾವ ಮನೆಯಿಂದ ಬಂತು, ಯಾರು ಯಾವಾಗ ನೋಡಬಹುದು ಎಂಬುದನ್ನು ದಾನಪತ್ರದಲ್ಲಿ ಬರೆಯಿಸಿ, ಸಂಸ್ಥೆಯ ಸಹಿ ಇರುವ ರಶೀದಿ ಪಡೆದುಕೊಳ್ಳಬೇಕು.