ಹತ್ತುವ ಮೊದಲು ಇಳಿಯಲು ಕಲಿಯಿರಿ: 36 ಇಂಚಿನ ಒಂಟಿ ಚಕ್ರ

ಒಂಟಿ ಚಕ್ರದ ಸೈಕಲ್ ಕಲಿಯುವವರು ಬೀಳದೆ ಕಲಿಯುವುದಿಲ್ಲ. ಕಾಲೂರಿ ಬೀಳುತ್ತೀರೋ ಕೈಯೂರಿ ಬೀಳುತ್ತೀರೋ ಎಂಬುದಷ್ಟೇ ನಿಮ್ಮ ಕೈಲಿರುವುದು. ಕೈಯೂರಿದವರ ಮಣಿಕಟ್ಟು ಮುರಿಯುತ್ತದೆ, ಕಾಲೂರಿದವರು ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಾರೆ. ಹಾಗಾಗಿ ಸಮತೋಲನಕ್ಕಿಂತ ಮೊದಲು ಕಲಿಯಬೇಕಾದ ವಿದ್ಯೆ ಇಳಿಯುವುದು. ಚಕ್ರ ದೊಡ್ಡದಾದಷ್ಟೂ ಈ ಮಾತು ಹೆಚ್ಚು ನಿಜ.

ಒಂಟಿ ಚಕ್ರವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸರ್ಕಸ್ಸು. ನಮ್ಮ ಮುಂಬಯಿಗೆ ಸರ್ಕಸ್ಸಿನ ನಂಟು ಹಳೆಯದು. 1879ರಲ್ಲಿ ಇಟಲಿಯ ಕಿಯಾರಿನಿ ಇಲ್ಲಿ ತನ್ನ ಸರ್ಕಸ್ ಆಡಿಸಿದ; ಅದನ್ನು ಕಂಡ ವಿಷ್ಣುಪಂತ ಛತ್ರೆ ಮರುವರ್ಷವೇ ಗ್ರೇಟ್ ಇಂಡಿಯನ್ ಸರ್ಕಸ್ ಕಟ್ಟಿದರು. ಆದರೆ ಸರ್ಕಸ್ಸಿನ ರೂಢಿಯ ರಿಂಗಿನ ಅಡ್ಡಳತೆ ಕೇವಲ 13 ಮೀಟರ್. ಅಷ್ಟರಲ್ಲೇ ತಿರುಗುವವರಿಗೆ ವೇಗ ಬೇಡ, 20 ಇಂಚಿನ ಚಕ್ರವೇ ಸಾಕು. 36 ಇಂಚಿನದು ದೂರ ಹೋಗುವವರ ಗಾಡಿ. ಇಂಗ್ಲೆಂಡಿನ ಎಡ್ ಪ್ರ್ಯಾಟ್ ಎಂಬ ಹುಡುಗ 2015ರಲ್ಲಿ ಮನೆಯಿಂದ ಹೊರಟು, ಇಂಥದೇ ಚಕ್ರದ ಮೇಲೆ ಪ್ರಪಂಚ ಸುತ್ತಿ 2018ರಲ್ಲಿ ಮನೆ ಸೇರಿದ. ಅವನನ್ನು ನೋಡಿ ಆಸೆಪಟ್ಟವರು ಮೊದಲು ಸ್ವಲ್ಪ ಲೆಕ್ಕ ಮಾಡಿಕೊಳ್ಳಬೇಕು.

ಒಂಟಿ ಚಕ್ರಕ್ಕೆ ಚೈನಿಲ್ಲ, ಫ್ರೀವ್ಹೀಲ್ ಇಲ್ಲ. ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಚಕ್ರ ತಿರುಗುತ್ತಿರುವಷ್ಟು ಹೊತ್ತೂ ಕಾಲು ತಿರುಗಲೇಬೇಕು. 20 ಇಂಚಿನ ಚಕ್ರ ಒಂದು ಸುತ್ತಿಗೆ 1.6 ಮೀಟರ್ ಹೋದರೆ 36 ಇಂಚಿನದು 2.87 ಮೀಟರ್ ಹೋಗುತ್ತದೆ. ನಿಮಿಷಕ್ಕೆ 100 ಸುತ್ತು ತುಳಿದರೆ ಚಿಕ್ಕದರಲ್ಲಿ ಗಂಟೆಗೆ ಒಂಬತ್ತೂವರೆ ಕಿಲೋಮೀಟರ್, ದೊಡ್ಡದರಲ್ಲಿ ಹದಿನೇಳು. ಎತ್ತರದ ಲೆಕ್ಕವೂ ಹೀಗೆಯೇ. ಚಿಕ್ಕ ಚಕ್ರದಲ್ಲಿ ಪೆಡಲ್ ತೀರಾ ಕೆಳಗೆ ಬಂದಾಗ ಪಾದ ನೆಲದಿಂದ 13 ಸೆಂಟಿಮೀಟರ್ ಮೇಲಿರುತ್ತದೆ, ಅಂದರೆ ಮನೆಯ ಒಂದು ಮೆಟ್ಟಿಲು. 36 ಇಂಚಿನದಕ್ಕೆ 150 ಮಿಲಿಮೀಟರಿನ ಕ್ರ್ಯಾಂಕ್ (ಪೆಡಲನ್ನು ಅಚ್ಚಿಗೆ ಜೋಡಿಸುವ ತೋಳು) ಹಾಕಿದ್ದರೆ ಅದೇ ಪಾದ 31 ಸೆಂಟಿಮೀಟರ್ ಮೇಲೆ, ಎರಡು ಮೆಟ್ಟಿಲು. ಮೇಲಿನ ಪಾದವಂತೂ ಎರಡು ಅಡಿ ಎತ್ತರದಲ್ಲಿ. ಓಡುತ್ತಾ ಓಡುತ್ತಾ ಎರಡು ಮೆಟ್ಟಿಲು ಬಿಟ್ಟು ನೆಲಕ್ಕೆ ಕಾಲಿಡುವುದು ಹೇಗೆ ಎಂಬುದೇ ಇಲ್ಲಿನ ಪಾಠ.

ಈ ಪಾಠದ ಅರ್ಧಭಾಗ ಮುಂಬಯಿಯವರಿಗೆ ಗೊತ್ತಿರುವಂಥದ್ದೇ. ದಾದರ್, ಅಂಧೇರಿಯಲ್ಲಿ ಲೋಕಲ್ ಪೂರ್ತಿ ನಿಲ್ಲುವ ಮೊದಲೇ ಧುಮುಕುವವರನ್ನು ನೋಡಿ: ಗಾಡಿ ಹೋಗುವ ದಿಕ್ಕಿಗೇ ಮುಖ ಮಾಡಿ ಇಳಿಯುತ್ತಾರೆ, ಇಳಿದು ಅದೇ ದಿಕ್ಕಿಗೆ ನಾಲ್ಕಾರು ಹೆಜ್ಜೆ ಓಡುತ್ತಾರೆ. ಕಾಲು ಪ್ಲಾಟ್‌ಫಾರ್ಮ್ ಮುಟ್ಟಿದರೂ ಮೈಯಲ್ಲಿ ಗಾಡಿಯ ವೇಗ ಉಳಿದೇ ಇರುತ್ತದೆ. ಆ ವೇಗವನ್ನು ಕಾಲು ಓಡಿ ತೀರಿಸಬೇಕು. ಹಿಂದಕ್ಕೆ ಮುಖ ಮಾಡಿ ಇಳಿದವನ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. (ಲೋಕಲ್‌ನಿಂದ ಹಾಗೆ ಇಳಿಯಬೇಡಿ ಎಂದು ರೈಲ್ವೆಯವರು ಹೇಳುವುದು ಸರಿಯಾಗಿಯೇ ಇದೆ. ಅಲ್ಲಿ ಕಾಲು ತಪ್ಪಿದರೆ ಕೆಳಗಿರುವುದು ಗಾಲಿ.)

ಇದರಿಂದ ಒಂದು ಕಟ್ಟುನಿಟ್ಟಿನ ನಿಯಮ ಹೊರಡುತ್ತದೆ: ನೀವು ಓಡಬಲ್ಲ ವೇಗಕ್ಕಿಂತ ಜೋರಾಗಿ ತುಳಿಯಬೇಡಿ. ಗಂಟೆಗೆ ಹದಿನೇಳು ಕಿಲೋಮೀಟರ್ ಎಂದರೆ 100 ಮೀಟರನ್ನು 21 ಸೆಕೆಂಡಿನಲ್ಲಿ ಓಡುವ ವೇಗ. ಹೆಲ್ಮೆಟ್ಟು, ಮೊಣಕಾಲಿನ ಪ್ಯಾಡು, ತುಳಿಯುವಾಗ ಹಾಕುವ ಬೂಟನ್ನೇ ಹಾಕಿಕೊಂಡು ಮೈದಾನದಲ್ಲಿ ಒಮ್ಮೆ ಓಡಿ ನೋಡಿ. 25 ಸೆಕೆಂಡ್ ಹಿಡಿದರೆ ನಿಮ್ಮ ಮಿತಿ ಗಂಟೆಗೆ ಹದಿನಾಲ್ಕೂವರೆ ಕಿಲೋಮೀಟರ್, ನಿಮಿಷಕ್ಕೆ ಸುಮಾರು 84 ಸುತ್ತು. ನಡುವಯಸ್ಸಿನವರು ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು ನೋಡುತ್ತಾರೆ. ಅವರೇ ಮೊದಲು ಮಾಡಬೇಕಾದವರು.

ಇಳಿಯುವುದರಲ್ಲಿ ಎರಡು ಬಗೆ. ಬೇಕೆಂದು ಇಳಿಯುವಾಗ ಹಿಂದಕ್ಕೆ, ಚಕ್ರ ಎಸೆದಾಗ ಮುಂದಕ್ಕೆ.

ಹಿಂದಕ್ಕೆ ಇಳಿಯಬೇಕಾದರೆ ವೇಗ ಹೆಚ್ಚುಕಡಿಮೆ ಸೊನ್ನೆಯಾಗಿರಬೇಕು. ಭಾರದ ಚಕ್ರ ಥಟ್ಟನೆ ನಿಲ್ಲುವುದಿಲ್ಲವಾದ್ದರಿಂದ ಹತ್ತು ಹದಿನೈದು ಮೀಟರ್ ಮುಂಚೆಯೇ ನಿಧಾನಿಸಲು ಶುರುಮಾಡಿ: ಮೈಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದು, ಮೇಲೇಳುವ ಪೆಡಲನ್ನು ಪಾದದಿಂದ ಅದುಮಿ ತಡೆಯುತ್ತಾ ಬನ್ನಿ. ಬ್ರೇಕ್ ಇದ್ದರೆ ಒಂದು ಬೆರಳಿನಿಂದ ಮೆಲ್ಲಗೆ ಹಿಡಿಯಿರಿ. ಮೈ ಹಿಂದಕ್ಕೆ ಬರುವ ಮೊದಲೇ ಬ್ರೇಕ್ ಹಿಡಿದರೆ ಸೀಟು ನಿಮ್ಮನ್ನು ಮುಂದಕ್ಕೆ ಒಗೆಯುತ್ತದೆ. ನಡಿಗೆಯ ವೇಗಕ್ಕಿಂತ ಕೆಳಗೆ ಬಂದ ಮೇಲೆ ಒಂದು ಪೆಡಲ್ ತೀರಾ ಕೆಳಗೆ ಬರುವುದನ್ನು ಕಾಯಿರಿ. ಭಾರವೆಲ್ಲ ಆ ಕೆಳಗಿನ ಪಾದದ ಮೇಲೆ ಹಾಕಿ, ಒಂದು ಕೈಯಲ್ಲಿ ಸೀಟಿನ ಮುಂದಿನ ಹಿಡಿಯನ್ನು ಹಿಡಿದು, ಮೇಲಿನ ಪಾದವನ್ನು ಎತ್ತಿ ಹಿಂದೆ ನೆಲಕ್ಕಿಡಿ. ಆಮೇಲೆ ಇನ್ನೊಂದು.

ಕೆಳಗಿನ ಪಾದವೇ ಏಕೆ? ಅಚ್ಚಿನ ನೇರ ಕೆಳಗಿರುವ ಪೆಡಲನ್ನು ಎಷ್ಟು ಒತ್ತಿದರೂ ಚಕ್ರ ತಿರುಗುವುದಿಲ್ಲ, ಅದು ನಿಂತ ಮೆಟ್ಟಿಲಿನ ಹಾಗೆ. ಮುಂದಿರುವ ಪೆಡಲಿಗೆ ಭಾರ ಹಾಕಿ ಹಿಂದಕ್ಕೆ ಜಿಗಿದಿರೋ, ಚಕ್ರ ಕಾಲಡಿಯಿಂದ ಚಂಗನೆ ಮುಂದೆ ಹಾರುತ್ತದೆ, ನೀವು ಹಿಂದೆ ಕೂತುಬಿಡುತ್ತೀರಿ. ಬೆನ್ನೆಲುಬಿನ ತುದಿಗೆ ಪೆಟ್ಟಾಗುವುದು ಬಹುಪಾಲು ಹೀಗೆಯೇ. ಸೀಟಿನ ಹಿಡಿ ಬಿಡಬಾರದೆನ್ನುವುದು ದಾರಿಯಲ್ಲಿರುವ ಮಗುವಿಗೋ ಮುದುಕರಿಗೋ ಚಕ್ರ ಬಡಿಯದಿರಲೆಂದು.

ವೇಗ ಇರುವಾಗ ಹಿಂದಕ್ಕೆ ಇಳಿಯಲು ಹೋಗಲೇಬಾರದು. ಮೈ ಮುಂದಕ್ಕೆ ಧಾವಿಸುತ್ತಿರುತ್ತದೆ, ಓಡಲು ಜಾಗವಿಲ್ಲದಂತೆ ಎದುರಿಗೆ ಚಕ್ರವೇ ಅಡ್ಡ ನಿಂತಿರುತ್ತದೆ. ಅದರ ಮೇಲೇ ಮುಗ್ಗರಿಸುತ್ತೀರಿ. ಗುಂಡಿಗೋ ಕಲ್ಲಿಗೋ ತಗಲಿ ಚಕ್ರ ತಡೆದಾಗ ಇರುವ ದಾರಿ ಮುಂದಿನದೊಂದೇ: ಎರಡು ಪಾದವನ್ನೂ ಪೆಡಲಿನಿಂದ ಕಿತ್ತು, ಮೊಣಕಾಲು ಸ್ವಲ್ಪ ಮಡಿಸಿ, ಒಂದಾದ ಮೇಲೊಂದು ಹೆಜ್ಜೆಯಾಗಿ ಓಡುವುದು. ಎರಡೂ ಪಾದ ಜೋಡಿಸಿ ಧೊಪ್ಪೆಂದು ನಿಲ್ಲಲು ನೋಡಬೇಡಿ. ಸೀಟು ಕೈಗೆ ಸಿಕ್ಕರೆ ಸರಿ, ಸಿಗದಿದ್ದರೆ ಬಿಟ್ಟುಬಿಡಿ. ಗಾಡಿಗೆ ಗೀರು ಬಿದ್ದರೆ ಬೀಳಲಿ.

ನೂರೈವತ್ತು ವರ್ಷದ ಹಿಂದೆ ಮುಂಚಕ್ರ ದೊಡ್ಡದಿದ್ದ ಎತ್ತರದ ಸೈಕಲ್ ಓಡಿಸುತ್ತಿದ್ದವರದೂ ಇದೇ ಪಾಡು. ಅವರು ಹಿಂಬದಿಯ ಕಂಬಿಗೆ ಬೆಸೆದ ಪುಟ್ಟ ಮೆಟ್ಟಿಲಿನ ಮೇಲೆ ಕಾಲಿಟ್ಟು ಹಿಂದಕ್ಕೆ ಇಳಿಯುತ್ತಿದ್ದರು. ಚಕ್ರ ತಡೆದರೆ ಮಾತ್ರ ತೊಡೆಗಳು ಹ್ಯಾಂಡಲ್ಲಿನ ಕೆಳಗೆ ಸಿಕ್ಕಿ ತಲೆಕೆಳಗಾಗಿ ಬೀಳುತ್ತಿದ್ದರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮುಂಚಕ್ರವನ್ನು ತಗ್ಗಿಸಿ, ಎರಡು ಚಕ್ರವನ್ನೂ ಹೆಚ್ಚುಕಡಿಮೆ ಒಂದೇ ಅಳತೆಗೆ ತಂದು ರೋವರ್ ಸೈಕಲ್ ಮಾಡಿದ್ದು ಈ ಭಯ ತಪ್ಪಿಸಲೆಂದೇ. ಒಂಟಿ ಚಕ್ರದವರ ಪುಣ್ಯ, ಎದುರಿಗೆ ಹ್ಯಾಂಡಲ್ ಇಲ್ಲ. ಮುಂದೆ ಓಡಲು ದಾರಿ ತೆರೆದಿದೆ.

ಅಭ್ಯಾಸಕ್ಕೆ ಮೊದಲು 20 ಅಥವಾ 24 ಇಂಚಿನ ಚಕ್ರ ಸಾಕು. ಗೋಡೆಯನ್ನೋ ಮೈದಾನದ ಕಂಬಿಬೇಲಿಯನ್ನೋ ಹಿಡಿದು ನಿಂತಲ್ಲೇ ಹತ್ತಿ, ಹಿಂದಕ್ಕೆ ಇಳಿಯಿರಿ. ಹತ್ತಿ, ಮುಂದಕ್ಕೆ ಇಳಿಯಿರಿ. ಎಡಗಾಲು ಮೊದಲಾಗಿ ಎಷ್ಟು ಸಲವೋ ಬಲಗಾಲು ಮೊದಲಾಗಿಯೂ ಅಷ್ಟೇ ಸಲ, ಏಕೆಂದರೆ ಗುಂಡಿ ಬರುವಾಗ ಯಾವ ಪೆಡಲ್ ಕೆಳಗಿರುತ್ತದೋ ಹೇಳಲಾಗದು. ದೊಡ್ಡ ಚಕ್ರಕ್ಕೆ ಬಂದ ಮೇಲೆ ತುಸು ಏರಿರುವ ಜಾಗ ಹುಡುಕಿ. ಏರಿನಲ್ಲಿ ಚಕ್ರ ತಾನಾಗಿ ನಿಧಾನವಾಗುತ್ತದೆ, ಇಳಿಯುವುದು ಸಲೀಸು. ಇಳಿಜಾರಿನಲ್ಲಿ ಉದ್ದಕ್ಕೂ ಕಾಲಿನಿಂದಲೇ ತಡೆಯಬೇಕು. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳ ಕಡೆಯ ರಸ್ತೆ ಹೋಗುವಾಗ ಪಾಠ, ಬರುವಾಗ ಪರೀಕ್ಷೆ. ಕಲಿಯುವವರು ಮೇಲಿಂದ ಕೆಳಕ್ಕೆ ಗಾಡಿಯನ್ನು ತಳ್ಳಿಕೊಂಡೇ ಬರುವುದು ಲೇಸು.

ಶಿವಾಜಿ ಪಾರ್ಕಿನ ಸುತ್ತಲಿನ ಕಟ್ಟೆ ಹತ್ತಲು ಒಳ್ಳೆಯ ಆಸರೆ, ಆದರೆ ನಡೆಯುವವರು ಬರುವ ಮೊದಲು ಮಾತ್ರ. ಮರೀನ್ ಡ್ರೈವಿನ ಪಾದಚಾರಿ ದಾರಿ ಚಂದವೇನೋ ಹೌದು. ಮುಂದಕ್ಕೆ ಓಡಿ ಇಳಿಯಲು ಖಾಲಿ ಜಾಗ ಬೇಕಾದವರಿಗೆ ಆ ಜನಸಂದಣಿಯಲ್ಲಿ ಕೆಲಸವಿಲ್ಲ. ಪೇವರ್ ಬ್ಲಾಕಿನ ದಾರಿಗಳನ್ನು ಮಳೆಗಾಲದಲ್ಲಿ ಬಿಟ್ಟೇಬಿಡಿ. ಪಾಚಿಗಟ್ಟಿದ ಬ್ಲಾಕಿನ ಮೇಲೆ ಚಕ್ರ ಜಾರುವುದಿರಲಿ, ಇಳಿದ ಕಾಲೂ ಜಾರುತ್ತದೆ, ಆಗ ಓಡಿ ಉಳಿಯುವ ಉಪಾಯವೂ ಕೈಕೊಡುತ್ತದೆ. ಮೈದಾನಕ್ಕೆ ಗಾಡಿ ಒಯ್ಯಲು ಲೋಕಲ್ಲಿನ ಲಗೇಜ್ ಡಬ್ಬವಿದೆ. ಬೆಳಗಿನ ಮೊದಲ ಗಾಡಿಗಳಲ್ಲಿ ಹೋಗಿ, ಆಫೀಸು ಬಿಡುವ ಹೊತ್ತಿಗೆ ಬೇಡ.

ಹೆಲ್ಮೆಟ್ಟಿನಷ್ಟೇ ಮುಖ್ಯವಾದದ್ದು ಮಣಿಕಟ್ಟಿನ ಕವಚ. ಮೊಳೆಯಿರುವ ಪೆಡಲಾದರೆ ಮೊಣಕಾಲಿನ ಕೆಳಗಿನ ಎಲುಬಿಗೂ ಪ್ಯಾಡು ಬೇಕು. ಬೂಟಿನ ಲೇಸನ್ನು ಒಳಗೆ ಸಿಕ್ಕಿಸಿ. ಕ್ರ್ಯಾಂಕಿಗೆ ಸುತ್ತಿಕೊಂಡ ಲೇಸು ಪಾದವನ್ನು ಪೆಡಲಿಗೆ ಕಟ್ಟಿಹಾಕುತ್ತದೆ, ಆಮೇಲೆ ಯಾವ ಬಗೆಯಲ್ಲೂ ಇಳಿಯಲಾಗದು. ಪಾದವನ್ನು ಪೆಡಲಿಗೆ ಸಿಕ್ಕಿಸುವ ರೇಸ್ ಸೈಕಲ್ಲಿನ ಕ್ಲಿಪ್ಪುಗಳನ್ನು ಕಲಿಯುವವರು ಹಾಕಲೇಬಾರದು.

24 ಇಂಚಿನ ಚಕ್ರದಿಂದ ಎರಡೂ ಕಾಲಿನಲ್ಲಿ, ಹಿಂದಕ್ಕೂ ಮುಂದಕ್ಕೂ, ಯೋಚಿಸದೆ ಇಳಿಯಲು ಬರುವ ತನಕ 36 ಇಂಚಿನದನ್ನು ಕೊಳ್ಳಬೇಡಿ.