ಅಳಿಲಿಗೆ ಒಲಿದ ವಿಶ್ವ ಕಿರೀಟ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗ ಪಿಯುಸಿ. ಪೋಕೆಮಾನ್ ಆಟದಲ್ಲಿ ಇದ್ದುದರಲ್ಲೇ ಬಲಿಷ್ಠವಾದ ಆರು ಪ್ರಾಣಿಗಳನ್ನು ಹುಡುಕಿ ತಂಡ ಕಟ್ಟಿದ್ದಾನೆ. ಆದರೂ ಆನ್‌ಲೈನ್ ಪಂದ್ಯಗಳಲ್ಲಿ ಸೋತು ಸೋತು ಮುಖ ಊದಿಸಿಕೊಂಡೇ ಊಟಕ್ಕೆ ಬರುತ್ತಾನೆ. ಇದರಲ್ಲಿ ಏನಾದರೂ ವಿಜ್ಞಾನ ಇದೆಯೋ, ಇಲ್ಲಾ ಎಲ್ಲಾ ಅದೃಷ್ಟದ ಆಟವೋ?’

ಇದೆ ಸ್ವಾಮಿ, ಬೇಕಾದಷ್ಟಿದೆ. ಅದೃಷ್ಟವೂ ಇದೆ, ಅದರ ಲೆಕ್ಕ ಆಮೇಲೆ. ನಿಮ್ಮ ಮಗ ಬಲಿಷ್ಠರನ್ನು ಆರಿಸಿದ್ದು ತಪ್ಪಲ್ಲ, ಬಲಿಷ್ಠರನ್ನು ಮಾತ್ರ ಆರಿಸಿದ್ದು ತಪ್ಪು. ಬರೀ ರಾಜವೇಷದವರನ್ನೇ ಕಲೆಹಾಕಿಕೊಂಡು ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳವನ್ನು ಊಹಿಸಿಕೊಳ್ಳಿ. ಭಾಗವತರಿಲ್ಲ, ಮದ್ದಳೆಯಿಲ್ಲ, ಹಾಸ್ಯಗಾರನಿಲ್ಲ, ರಂಗದ ತುಂಬ ಕಿರೀಟಗಳು ಮಾತ್ರ!

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಟೋಕಿಯೊ ಹೊರವಲಯದಲ್ಲಿ ಹುಳ ಹಿಡಿಯುತ್ತ ಬೆಳೆದ ಸತೋಶಿ ತಾಜಿರಿ ಎಂಬಾತನ ಕಲ್ಪನೆಯಿಂದ 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಹೊರಬಂದ ಆಟ ಇದು. ಇದರಲ್ಲಿ ಪ್ರತಿ ಪ್ರಾಣಿಗೂ ಒಂದೋ ಎರಡೋ ‘ಟೈಪ್’ ಇರುತ್ತದೆ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ. ಮೊದಲು 15 ಇದ್ದ ಟೈಪ್‌ಗಳು ಈಗ 18 ಆಗಿವೆ. ಒಂಟಿ ಟೈಪ್ 18, ಜೋಡಿ ಟೈಪ್ 153, ಒಟ್ಟು 171 ಬಗೆಯ ಮೈಕಟ್ಟು ಸಾಧ್ಯ. ಒಗ್ಗದ ಟೈಪಿನ ಹೊಡೆತ ಎರಡು ಪಟ್ಟು ನೋಯಿಸುತ್ತದೆ. ಪ್ರಾಣಿಯ ಎರಡೂ ಟೈಪ್‌ಗಳಿಗೆ ಒಗ್ಗದಿದ್ದರೆ ನಾಲ್ಕು ಪಟ್ಟು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಂಡದ ಆರೂ ಪ್ರಾಣಿಗಳನ್ನು ಎದುರಾಳಿಗೆ ತೋರಿಸಿ, ಅವುಗಳಲ್ಲಿ ನಾಲ್ಕನ್ನು ಮಾತ್ರ ಆಡಿಸಬೇಕು. ಅಂಗಳದಲ್ಲಿ ಒಮ್ಮೆಗೆ ಇಬ್ಬಿಬ್ಬರು. ಒಬ್ಬೊಬ್ಬರಿಗೂ ನಾಲ್ಕೇ ಪಟ್ಟುಗಳು, ಅವರ ಭಾಷೆಯಲ್ಲಿ ‘ಮೂವ್’. ಇಷ್ಟು ಸಾಕು, ಉಳಿದದ್ದನ್ನು ಮನೆಯ ಮಕ್ಕಳು ಬೇಡವೆಂದರೂ ಹೇಳಿಕೊಡುತ್ತಾರೆ.

ಈಗ ನನಗೆ ತುಂಬ ಇಷ್ಟವಾದ ಕಥೆಗೆ ಬರುತ್ತೇನೆ. 2014ರ ಆಗಸ್ಟ್, ಅಮೆರಿಕದ ವಾಷಿಂಗ್ಟನ್ ಡಿ.ಸಿ. ವಿಶ್ವ ಚಾಂಪಿಯನ್‌ಶಿಪ್‌ನ ಹಿರಿಯರ ವಿಭಾಗ. ದಕ್ಷಿಣ ಕೊರಿಯಾದ ಸೇಜುನ್ ಪಾರ್ಕ್ ತಂಡದಲ್ಲಿ ಒಂದು ಅಳಿಲು! ಬಿಳಿ ಮೈ, ನೀಲಿ ಪಟ್ಟೆ, ದೊಡ್ಡ ಬಾಲ. ಹೆಸರು ಪಚಿರಿಸು. ಆಟದಲ್ಲಿ ಪ್ರತಿ ಪ್ರಾಣಿಯ ಆಯಸ್ಸು, ಬಲ, ವೇಗ ಇತ್ಯಾದಿ ಆರು ಗುಣಗಳಿಗೆ ಅಂಕ ಇರುತ್ತದೆ. ಅದೇ ತಂಡದಲ್ಲಿದ್ದ ಗಾರ್ಚಾಂಪ್ ಎಂಬ ಡ್ರ್ಯಾಗನ್‌ನ ಒಟ್ಟು ಅಂಕ 600. ಅಳಿಲಿನದು 405. ಹೊಡೆಯುವ ಬಲವಂತೂ 45, ಅಂದರೆ ಇಲ್ಲ ಅಂತಲೇ ಲೆಕ್ಕ. ಗಂಭೀರ ಆಟಗಾರರು ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಆ ಅಳಿಲನ್ನು ಕಟ್ಟಿಕೊಂಡೇ ಪಾರ್ಕ್ ಫೈನಲ್‌ನಲ್ಲಿ ಅಮೆರಿಕದ ಜೂಡಿ ಅಝರೆಲ್ಲಿಯನ್ನು ಮಣಿಸಿ ವಿಶ್ವ ಚಾಂಪಿಯನ್ ಆದರು.

ಇದು ಪವಾಡವೇನಲ್ಲ. ಪಾರ್ಕ್ ತಂಡದ ದೊಡ್ಡ ಹೊಡೆತಗಾರ ಗ್ಯಾರಡೊಸ್, ಹಾವಿನಂಥ ಉದ್ದ ಮೈಯ ಜಲಜೀವಿ. ಅದರ ಟೈಪ್ ನೀರು ಮತ್ತು ಹಾರಾಟ. ನೀರಿಗೂ ಸಿಡಿಲು ಒಗ್ಗದು, ಹಾರಾಟಕ್ಕೂ ಒಗ್ಗದು, ಹಾಗಾಗಿ ವಿದ್ಯುತ್ ಹೊಡೆತ ನಾಲ್ಕು ಪಟ್ಟು. ಪಂದ್ಯದ ನಡುವೆ ‘ಮೆಗಾ’ ಎಂಬ ಇನ್ನೂ ಬಲವಾದ ರೂಪ ತಾಳಿದ ಮೇಲೂ ಎರಡು ಪಟ್ಟು. ಎದುರಾಳಿ ಯಾರೇ ಆದರೂ ಗ್ಯಾರಡೊಸ್ ಕಂಡ ಕೂಡಲೇ ಕರೆಂಟು ಹಾಯಿಸಲು ನೋಡುತ್ತಾನೆ. ಇಲ್ಲಿ ಅಳಿಲಿನ ಪ್ರವೇಶ. ಅದರ ಒಂದು ಮೂವ್‌ನ ಹೆಸರು ‘ಫಾಲೋ ಮಿ’. ಅದನ್ನು ಬಳಸಿದರೆ ಆ ಸರದಿಯಲ್ಲಿ ಜೊತೆಗಾರನನ್ನೇ ಗುರಿಯಿಟ್ಟು ಬಿಟ್ಟ ಹೊಡೆತವೆಲ್ಲ ಅಳಿಲಿನ ಕಡೆ ತಿರುಗುತ್ತದೆ. ಇನ್ನು ಅದರ ಹುಟ್ಟುಗುಣ ‘ವೋಲ್ಟ್ ಅಬ್ಸಾರ್ಬ್’. ವಿದ್ಯುತ್ ಹೊಡೆತ ಬಿದ್ದರೆ ನೋವಾಗದಿರುವುದು ಹಾಗಿರಲಿ, ಆಯಸ್ಸು ಕಾಲುಭಾಗ ಏರುತ್ತದೆ! ಗ್ಯಾರಡೊಸ್‌ಗೆ ಇಟ್ಟ ವಿಷವನ್ನು ಅಳಿಲು ಪಾಯಸದಂತೆ ಕುಡಿದುಬಿಡುತ್ತದೆ.

ಹೊಡೆಯುವ ಬಲ ಇಲ್ಲವಲ್ಲ ಎನ್ನುತ್ತೀರಾ? ಪಾರ್ಕ್ ಅದಕ್ಕೆ ಬಲವನ್ನೇ ಕೇಳದ ಮೂವ್‌ಗಳನ್ನು ಕೊಟ್ಟಿದ್ದರು. ‘ಸೂಪರ್ ಫ್ಯಾಂಗ್’ ಎಂಬುದು ಎದುರಿನವನ ಉಳಿದ ಆಯಸ್ಸಿನಲ್ಲಿ ಸರಿಯಾಗಿ ಅರ್ಧ ಕಚ್ಚಿಕೊಳ್ಳುತ್ತದೆ. ಕಚ್ಚಿದ್ದು ಅಳಿಲೋ ಡ್ರ್ಯಾಗನ್ನೋ ಎಂದು ಆ ಲೆಕ್ಕ ಕೇಳುವುದಿಲ್ಲ. ‘ನಝಲ್’ ಎಂಬ ಕೆನ್ನೆ ಸವರುವ ಮೂವ್ ತಾಗಿದರೆ ಎದುರಿನ ಪ್ರಾಣಿಗೆ ಲಕ್ವ ಹೊಡೆದು ವೇಗ ಕುಸಿಯುತ್ತದೆ. ನಾಲ್ಕರಲ್ಲಿ ಒಂದು ಸಲ ಅದಕ್ಕೆ ಕೈಕಾಲೇ ಆಡದು.

ಹೊಡೆತವನ್ನು ತನ್ನೆಡೆ ಸೆಳೆಯುವ ಪ್ರಾಣಿ ಬೇರೆ ಇರಲಿಲ್ಲವೇ? ಇತ್ತು. ಅಮೂಂಗಸ್ ಎಂಬ ಅಣಬೆ, ಎಲ್ಲರ ಮೆಚ್ಚಿನದು. ಆದರೆ ಅಣಬೆಗೆ ಹಾರಾಟದ ಹೊಡೆತ ಒಗ್ಗದು. ಆ ವರ್ಷ ಎಲ್ಲರಿಗಿಂತ ಮೊದಲೇ ಬಂದು ಕುಕ್ಕುವ ಟ್ಯಾಲನ್‌ಫ್ಲೇಮ್ ಹಕ್ಕಿಯ ಕಾಟ ಜೋರಾಗಿತ್ತು. ಅಳಿಲು ವಿದ್ಯುತ್ ಟೈಪ್, ಹಾಗಾಗಿ ಹಕ್ಕಿಯ ಕುಕ್ಕು ಅದಕ್ಕೆ ಅರ್ಧವೇ ನಾಟುತ್ತದೆ. ಅದಕ್ಕೆ ಭಯ ಇರುವುದು ನೆಲದ ಹೊಡೆತ ಒಂದಕ್ಕೆ. ತಂಡದಲ್ಲಿ ಹಾರುವವರು ಇದ್ದರು, ನೆಲದ ಹೊಡೆತ ಅವರಿಗೆ ತಾಗುವುದೇ ಇಲ್ಲ. ಈಗ ಯೋಚಿಸಿ, ಪಾರ್ಕ್ ಮೊದಲು ಅಳಿಲನ್ನು ಪ್ರೀತಿಸಿ ಆಮೇಲೆ ತಂಡ ಕಟ್ಟಿದ್ದಲ್ಲ. ತಂಡದಲ್ಲಿ ಒಂದು ತೂತು ಇತ್ತು, ಆ ತೂತಿನ ಆಕಾರ ಅಳಿಲಿನದಾಗಿತ್ತು. ಇದೇ ಅಳಿಲನ್ನು ಎತ್ತಿ ಬೇರೊಂದು ತಂಡಕ್ಕೆ ಹಾಕಿದರೆ ಅದು ಬರೀ ಅಳಿಲು.

ಇಲ್ಲೇ ಒಂದು ಜನಪ್ರಿಯ ಮೂಢನಂಬಿಕೆಯ ಕಿವಿ ಹಿಂಡಬೇಕು. ‘ಸಮತೋಲನದ ತಂಡ’ ಎಂದರೆ ಬೆಂಕಿಯದೊಂದು, ನೀರಿನದೊಂದು, ಹುಲ್ಲಿನದೊಂದು, ಸಿಡಿಲಿನದೊಂದು ಎಂದು ದಿನಸಿ ಚೀಟಿ ಬರೆದಂತೆ ತುಂಬುವುದು ಎಂದು ಹೊಸಬರು ತಿಳಿದಿದ್ದಾರೆ. 18 ಟೈಪ್‌ಗಳನ್ನು ಆರು ಪ್ರಾಣಿಗಳಲ್ಲಿ ತುರುಕಲು ಹೋದರೆ ಯಾರಿಗೂ ಯಾರೂ ಸಂಬಂಧ ಇಲ್ಲದ ಸಂತೆಯಾಗುತ್ತದೆ. ಉಕ್ಕಿನ ಟೈಪ್ ನೋಡಿ, ಹತ್ತು ಟೈಪ್‌ಗಳ ಹೊಡೆತ ಅದಕ್ಕೆ ಅರ್ಧವೇ ತಾಗುತ್ತದೆ, ವಿಷ ತಾಗುವುದೇ ಇಲ್ಲ. ಹಾಗೆಂದು ಆರೂ ಜಾಗಕ್ಕೆ ಉಕ್ಕು ತುಂಬಿದರೆ ಒಂದೇ ಒಂದು ಒಳ್ಳೆಯ ಬೆಂಕಿ ಪ್ರಾಣಿ ಮನೆಯನ್ನೆಲ್ಲ ಸುಟ್ಟುಬಿಡುತ್ತದೆ. ಒಬ್ಬನ ಭಯ ಇನ್ನೊಬ್ಬನಿಗೆ ಊಟವಾಗಬೇಕು, ಸಮತೋಲನ ಎಂದರೆ ಅಷ್ಟೇ.

ಹೊಸಬರು ಮರೆಯುವ ಇನ್ನೊಂದು ಸಂಗತಿ ಸರದಿ. ವೇಗದವನು ಮೊದಲು ಹೊಡೆಯುತ್ತಾನೆ, ಆದ್ದರಿಂದ ವೇಗವೇ ದೇವರು ಎಂದುಕೊಳ್ಳುತ್ತಾರೆ. ‘ಟ್ರಿಕ್ ರೂಮ್’ ಎಂಬ ಮೂವ್ ಹೂಡಿದರೆ, ಹೂಡಿದ ಸರದಿಯೂ ಸೇರಿ ಐದು ಸರದಿ ಲೋಕವೇ ತಲೆಕೆಳಗು, ನಿಧಾನದವನೇ ಮೊದಲು. ಟೋರ್ಕೋಲ್ ಎಂಬ ಆಮೆಯ ವೇಗದ ಅಂಕ 20. ಮಾಮೂಲಿ ಪಂದ್ಯದಲ್ಲಿ ಅದು ಬಾಯಿ ತೆರೆಯುವ ಮೊದಲೇ ಮಲಗಿರುತ್ತದೆ. ಆಯಸ್ಸು ತುಂಬಿರುವಾಗಲೇ ಅದರ ಜ್ವಾಲಾಮುಖಿ ಹೊಡೆತಕ್ಕೆ ಪೂರ್ತಿ ಬಲ, ಗಾಯವಾದಷ್ಟೂ ಬಲ ಇಳಿಯುತ್ತದೆ. ಟ್ರಿಕ್ ರೂಮ್‌ನಲ್ಲಿ ಅದೇ ಆಮೆ ಎಲ್ಲರಿಗಿಂತ ಮೊದಲು, ಗಾಯವೇ ಆಗದೆ, ಎದುರಿನ ಇಬ್ಬರ ಮೇಲೂ ಬೆಂಕಿ ಕಾರುತ್ತದೆ. ಆದರೆ ಆ ಮೂವ್ ಹೂಡುವವನು ಸರದಿಯ ಕಟ್ಟಕಡೆಗೆ ಹೂಡಬೇಕು, ಅಲ್ಲಿಯವರೆಗೆ ಅವನನ್ನು ಉಳಿಸಿಕೊಳ್ಳಲು ಪಕ್ಕದಲ್ಲೊಬ್ಬ ಹೊಡೆತ ಸೆಳೆಯುವವನು ಬೇಕು. ದುರ್ಬಲರ ಕೆಲಸಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡಾಗ ಬಲಿಷ್ಠರು ಬೆಪ್ಪಾಗುತ್ತಾರೆ.

ಹಾಗಾದರೆ ಯಾರೂ ಸೋಲಿಸಲಾಗದ ಒಂದು ತಂಡವನ್ನು ಕಂಪ್ಯೂಟರಿಗೆ ಹಾಕಿ ಕಂಡುಹಿಡಿಯಬಾರದೇಕೆ? ಇದಕ್ಕೆ ಉತ್ತರ ಪೋಕೆಮಾನ್ ಹುಟ್ಟಿದ 1996ರಲ್ಲೇ, ಆಟಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ ಬಂತು. ಆ ವರ್ಷ ಬ್ಯಾರಿ ಸಿನರ್ವೊ ಮತ್ತು ಕರ್ಟಿಸ್ ಲೈವ್ಲಿ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಪುಟ್ಟ ಓತಿಯ ಬಗ್ಗೆ ಬರೆದರು. ಪಕ್ಕೆಯಲ್ಲಿ ಕಪ್ಪು ಮಚ್ಚೆಯಿರುವ ಈ ಓತಿಯ ಗಂಡುಗಳಲ್ಲಿ ಮೂರು ಜಾತಿಯ ಗಂಟಲು: ಕಿತ್ತಳೆ, ನೀಲಿ, ಹಳದಿ. ಕಿತ್ತಳೆ ಗಂಟಲಿನವನು ಪಾಳೇಗಾರ. ದೊಡ್ಡ ಜಾಗ ಹಿಡಿದು, ಅಲ್ಲಿರುವ ಹೆಣ್ಣುಗಳೆಲ್ಲ ತನ್ನವು ಎನ್ನುತ್ತಾನೆ, ನೀಲಿಯವನನ್ನು ಹೊಡೆದಟ್ಟುತ್ತಾನೆ. ಹಳದಿಯವನಿಗೆ ಜಾಗವೇ ಇಲ್ಲ. ಅವನು ಹೆಣ್ಣಿನಂತೆ ಕಾಣುತ್ತಾನೆ, ಹಾಗೇ ನಡೆದುಕೊಳ್ಳುತ್ತಾನೆ. ಪಾಳೇಗಾರನ ಸೀಮೆ ದೊಡ್ಡದಾದಷ್ಟೂ ಕಾವಲು ತೆಳು, ಅಲ್ಲಿಗೆ ಹಳದಿಯವನು ನುಸುಳಿ ತನ್ನ ಕೆಲಸ ಮುಗಿಸಿಕೊಳ್ಳುತ್ತಾನೆ. ಆದರೆ ನೀಲಿಯವನ ಹತ್ತಿರ ಈ ವೇಷ ನಡೆಯದು. ಅವನ ಜಾಗ ಚಿಕ್ಕದು, ತನ್ನ ಹೆಣ್ಣನ್ನು ಬಿಟ್ಟು ಕದಲುವುದಿಲ್ಲ. ಹೀಗೆ ಕಿತ್ತಳೆ ನೀಲಿಯನ್ನು, ನೀಲಿ ಹಳದಿಯನ್ನು, ಹಳದಿ ಕಿತ್ತಳೆಯನ್ನು ಗೆಲ್ಲುತ್ತದೆ. 1990ರಿಂದ 95ರವರೆಗೆ ಗುಡ್ಡದ ಮೇಲೆ ಲೆಕ್ಕ ಹಿಡಿದಾಗ ಒಂದು ಬಣ್ಣ ಹೆಚ್ಚುವುದು, ಅದರ ವೈರಿ ಅದನ್ನು ಮೀರಿಸುವುದು, ವೈರಿಯ ವೈರಿ ತಲೆಯೆತ್ತುವುದು ಚಕ್ರದಂತೆ ಸುತ್ತುತ್ತಿತ್ತು. ಕಲ್ಲು-ಕಾಗದ-ಕತ್ತರಿ ಆಟ! ನನಗಂತೂ ಇದನ್ನು ಮೊದಲ ಸಲ ಓದಿದಾಗ ರೋಮಾಂಚನವಾಗಿತ್ತು.

ಪೋಕೆಮಾನ್ ಆಟಗಾರರ ಲೋಕವೂ ಇದೇ ಗುಡ್ಡ. ಎಲ್ಲರೂ ಟ್ಯಾಲನ್‌ಫ್ಲೇಮ್ ಇಟ್ಟುಕೊಂಡರೆ ಅದನ್ನು ತಡೆಯುವವರಿಗೆ ಬೆಲೆ, ಎಲ್ಲರೂ ತಡೆಯುವವರನ್ನೇ ತಂದರೆ ತಡೆಯುವವರನ್ನು ಒಡೆಯುವವನಿಗೆ ಬೆಲೆ. ಮೊನ್ನೆ ಗೆದ್ದ ತಂಡವನ್ನು ಹಾಗೇ ನಕಲು ಮಾಡುವವರು ಈ ಕಾರಣಕ್ಕೇ ಸೋಲುವುದು. ಅಷ್ಟು ಹೊತ್ತಿಗೆ ಅದರ ಔಷಧ ಎಲ್ಲರ ಜೇಬಿನಲ್ಲಿರುತ್ತದೆ. ಆರರಲ್ಲಿ ಮೊದಲು ಇಳಿಸುವ ಜೋಡಿಯನ್ನು 15 ಬಗೆಯಲ್ಲಿ, ಹಿಂದೆ ಕಾಯುವ ಜೋಡಿಯನ್ನು ಆರು ಬಗೆಯಲ್ಲಿ ಆರಿಸಬಹುದು. ಅಂದರೆ ಒಂದು ತಂಡದಲ್ಲಿ 90 ತಂಡಗಳು ಅಡಗಿವೆ, ಎದುರಾಳಿಯದೂ 90. ಮೊದಲ ಹೊಡೆತ ಬೀಳುವ ಮುನ್ನವೇ 8100 ದಾರಿ. ಸದಾ ಒಂದೇ ಜೋಡಿಯನ್ನು ಮೊದಲು ಇಳಿಸುವವನು ಉಳಿದ 84ನ್ನೂ ಬಾವಿಗೆ ಎಸೆದಂತೆ. ಇಂಥ ಆಟಗಳಲ್ಲಿ ಒಂದೇ ಪಟ್ಟಿಗೆ ಅಂಟಿಕೊಳ್ಳದೆ ಬೆರೆಸಿ ಬೆರೆಸಿ ಆಡುವುದರಲ್ಲೇ ಕ್ಷೇಮ ಇದೆ ಎಂಬುದನ್ನು ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲೇ ಗಣಿತದಿಂದ ತೋರಿಸಿದ್ದರು.

ಇನ್ನು ಅದೃಷ್ಟ. ಪ್ರಾಣಿಯನ್ನು ಹಿಡಿಯಲು ಚೆಂಡು ಎಸೆದಾಗ ಅದು ಅಲುಗಾಡುತ್ತದಲ್ಲ, ಆಗ ಬಿ ಬಟನ್ ಅದುಮಿ ಹಿಡಿದರೆ ಸಿಕ್ಕೇಬಿಡುತ್ತದೆ ಎಂಬ ನಂಬಿಕೆ ಜಗತ್ತಿನಾದ್ಯಂತ ಇದೆ. ಎಂಜಿನಿಯರಿಂಗ್ ಓದಿದವರೂ ಹೆಬ್ಬೆರಳು ಬೆಳ್ಳಗಾಗುವಂತೆ ಒತ್ತುವುದನ್ನು ನೋಡಿದ್ದೇನೆ. ಸುಳ್ಳು. ಬಟನ್ನಿಗೂ ಆ ಲೆಕ್ಕಕ್ಕೂ ಸಂಬಂಧವೇ ಇಲ್ಲ, ಅಲುಗಾಟ ಬರೀ ನಾಟಕ. 1948ರಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಸಿಗುವಂತೆ ಮಾಡಿದರು. ಒಂದು ಪಾರಿವಾಳ ಗಿರಗಿರ ಸುತ್ತತೊಡಗಿತು, ಇನ್ನೊಂದು ಪಂಜರದ ಮೂಲೆಗೆ ತಲೆ ಚಾಚತೊಡಗಿತು. ಸುತ್ತಿದ್ದರಿಂದಲೇ ಕಾಳು ಬಂತು ಎಂಬಂತೆ! ಬಿ ಬಟನ್ ಒತ್ತುವವರಿಗೂ ಆ ಪಾರಿವಾಳಕ್ಕೂ ರೆಕ್ಕೆಯೊಂದೇ ವ್ಯತ್ಯಾಸ.

ನಿಜವಾದ ಅದೃಷ್ಟಕ್ಕೆ ಲೆಕ್ಕ ಇದೆ. ಒಂದೇ ಹೊಡೆತದ ಪೆಟ್ಟು 85ರಿಂದ 100 ಶೇಕಡಾದ ನಡುವೆ 16 ಮೆಟ್ಟಿಲುಗಳಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಕೆಲವು ಭರ್ಜರಿ ಮೂವ್‌ಗಳು ಗುರಿ ತಪ್ಪುತ್ತವೆ. ನೀರಿನ ‘ಹೈಡ್ರೊ ಪಂಪ್’ ಗುರಿ ಮುಟ್ಟುವುದು ಶೇ 80. ಸಾಕಷ್ಟಾಯಿತಲ್ಲ ಎನಿಸುತ್ತದೆ. ಮೂರು ಸಲ ಸತತ ಮುಟ್ಟುವ ಸಾಧ್ಯತೆ ಶೇ 51 ಮಾತ್ರ. ನಾಣ್ಯ ಚಿಮ್ಮಿ ‘ಗೇಮ್ ಮೋಸ ಮಾಡ್ತಿದೆ’ ಎಂದು ಅತ್ತರೆ ಏನು ಮಾಡುವುದು? ಇದೇ ಕಾರಣಕ್ಕೆ ಪಳಗಿದವರು 110ರ ಬಲವಿದ್ದು ಶೇ 85 ಮಾತ್ರ ತಾಗುವ ‘ಫೈರ್ ಬ್ಲಾಸ್ಟ್’ ಬಿಟ್ಟು, 90ರ ಬಲವಿದ್ದೂ ತಪ್ಪದೆ ತಾಗುವ ‘ಫ್ಲೇಮ್‌ಥ್ರೋವರ್’ ಆರಿಸಿಕೊಳ್ಳುವುದು ಹೆಚ್ಚು.

ಆದ್ದರಿಂದ ಮಗನ ಕೈಗೆ ಒಂದು ಹಾಳೆ ಕೊಡಿ. ಆರು ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಅದು ಯಾವ ಹೊಡೆತಕ್ಕೆ ಹೆದರುತ್ತದೆ, ಆ ಹೊಡೆತಕ್ಕೆ ಮೈಯೊಡ್ಡಬಲ್ಲವರು ಉಳಿದ ಐವರಲ್ಲಿ ಯಾರು ಎಂದು ಬರೆಯಲಿ. ಒಂದೇ ಭಯ ಮೂರು ಕಡೆ ಕಂಡರೆ ತಂಡ ಕೆಟ್ಟಿದೆ ಎಂದರ್ಥ. ಯಾರ ಹೆಸರಿನ ಮುಂದೆ ಖಾಲಿ ಉಳಿಯುತ್ತದೋ ಆ ಪ್ರಾಣಿಗೆ ಜೊತೆಗಾರನನ್ನು ಹುಡುಕಲಿ. ಸಿಗದಿದ್ದರೆ, ಅದು 600 ಅಂಕದ ಡ್ರ್ಯಾಗನ್ನೇ ಆಗಿರಲಿ, ಮನೆಯಲ್ಲೇ ಬಿಟ್ಟು ಬರಲಿ.