ಘಟ್ಟದಡಿಯ ಕೊಟ್ಟೆ ಕಡುಬು

ಉಡುಪಿಯಿಂದ ಆಗುಂಬೆಗೆ ಹೊರಟ ಪ್ರಯಾಣಿಕರಿಗೆ, ಘಟ್ಟದ 14 ತಿರುವುಗಳನ್ನೇರುವ ಮುನ್ನ ದಣಿವಾರಿಸಲು ಹೆಬ್ರಿಯು ಒಳ್ಳೆಯ ತಾಣ. 2018ರಲ್ಲಿ ತಾಲೂಕು ಕೇಂದ್ರವಾದ ಈ ಪೇಟೆಯ ಚಿಕ್ಕದೊಂದು ಹೋಟೆಲನ್ನು, ಮಳೆಗಾಲದ ಒಂದು ಮುಂಜಾನೆ ನಾವೂ ಹೊಕ್ಕೆವು.

ನಾಲ್ಕೇ ಮೇಜುಗಳು, ಊರವರೇ ಗಿರಾಕಿಗಳು. ನಮ್ಮ ಮುಂದೆ ಬಂದುದು ಕೊಟ್ಟೆ ಕಡುಬು. ಹಲಸಿನ ನಾಲ್ಕು ಎಲೆಗಳನ್ನು ತೆಂಗಿನ ಹಿಡಿಕಡ್ಡಿಯ ಚೂರುಗಳಿಂದ ಚುಚ್ಚಿ ಕೊಟ್ಟೆ ಮಾಡಿ, ಅದರಲ್ಲಿ ಉದ್ದು ಅಕ್ಕಿಗಳ ಹಿಟ್ಟನ್ನೆರೆದು ಹಬೆಯಲ್ಲಿ ಬೇಯಿಸುವ ಈ ತಿಂಡಿ ಕರಾವಳಿಯ ಹಬ್ಬದೂಟದ್ದು. ಎಲೆ ಬಿಡಿಸಿದೊಡನೆ ಎದ್ದ ಪರಿಮಳವು ನಮ್ಮ ಬಾಲ್ಯದ ಕೃಷ್ಣಾಷ್ಟಮಿಯನ್ನೇ ಕಣ್ಣೆದುರಿಗೆ ತಂದಿತು.

ಸಂತೋಷದೊಡನೆ ತುಸು ಲಜ್ಜೆಯೂ ಆಯಿತು. ನಮ್ಮ ಮನೆಯಲ್ಲಿ ಕೊಟ್ಟೆಯ ಸ್ಥಾನಕ್ಕೆ ಉಕ್ಕಿನ ಲೋಟವು ಬಂದು ವರ್ಷಗಳೇ ಕಳೆದಿವೆ. ಹಿಟ್ಟು ಅದೇ, ಹಬೆಯೂ ಅದೇ. ಆದರೆ ಎಲೆಯು ಕೊಡುವ ಕಂಪನ್ನು ಲೋಟವು ಕೊಡಬಲ್ಲುದೆ?

ಕೊಟ್ಟೆ ಕಟ್ಟುವವರು ಯಾರೆಂದು ವಿಚಾರಿಸಲು, ಹೋಟೆಲಿನ ಯಜಮಾನರು ಒಳಗೆ ಎಲೆರಾಶಿಯ ನಡುವೆ ಕುಳಿತಿದ್ದ ತಮ್ಮ ವೃದ್ಧ ತಾಯಿಯನ್ನು ತೋರಿಸಿದರು. “ಅಮ್ಮನ ಕೈ ನಡೆಯುವ ತನಕ ಕೊಟ್ಟೆ ಉಂಟು, ಮತ್ತೆ ಇಲ್ಲಿಯೂ ಲೋಟವೇ,” ಎಂದರು.

ನಾವು ಆ ಅಮ್ಮನ ಬಳಿ ಕುಳಿತು ಒಂದು ಕೊಟ್ಟೆ ಕಟ್ಟಿದೆವು. ನೀರೆರೆದು ನೋಡಿದರೆ ಅದು ಸೋರಿತು. “ಮೊದಲಿನದ್ದು ಎಲ್ಲರದ್ದೂ ಸೋರುತ್ತದೆ ಮಾರಾಯ್ರೆ,” ಎಂದು ನಕ್ಕು ಇನ್ನೆರಡು ಎಲೆಗಳನ್ನು ಕೈಗಿತ್ತರು.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿಯೂ ಇಂತಹ ಕೈಗಳಿದ್ದರೆ ಬರುವ ಅಷ್ಟಮಿಗೆ ಮಕ್ಕಳನ್ನು ಅವರ ಪಕ್ಕದಲ್ಲಿ ಕುಳ್ಳಿರಿಸಿರಿ. ನಾಲ್ಕಾರು ಕೊಟ್ಟೆಗಳು ಸೋರಿದರೂ ಚಿಂತೆಯಿಲ್ಲ; ವಿದ್ಯೆಯೊಂದು ಉಳಿಯುವುದು.